ಟವಲಿನ ಮರೆಯ ದಲಾಲಿ

ಪುಷ್ಯದ ಹುಣ್ಣಿಮೆಗೆ ಬಾದಾಮಿಯ ಹತ್ತಿರದ ಚೊಳಚಗುಡ್ಡದಲ್ಲಿ ಬನಶಂಕರಿಯ ತೇರು ಸಾಗುತ್ತದೆ. ಆ ಮೇಲೆ ವಾರಗಟ್ಟಲೆ ಜಾತ್ರೆ. ನಾಟಕ ಕಂಪನಿಗಳ ಡೇರೆ, ಕಟ್ಟಿಗೆಯ ಬಾಗಿಲು ಚೌಕಟ್ಟು, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಬಿಳಿ ಎತ್ತುಗಳ ಸಾಲು, ಇವೆಲ್ಲ ನಮ್ಮ ವಾಚಕರಿಗೆ ಗೊತ್ತಿದ್ದವೇ. ಎತ್ತಿನ ಸಾಲಿನಲ್ಲಿ ನಡೆಯುವ ಒಂದು ವಿಚಿತ್ರ ವ್ಯವಹಾರದ ಇತಿಹಾಸವನ್ನಷ್ಟೇ ಇಲ್ಲಿ ನೋಡೋಣ.

ಉತ್ತರ ಕರ್ನಾಟಕದ ದನದ ಜಾತ್ರೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದು ಕಡಿಮೆ. ದಲಾಲನು ಹೆಗಲ ಟವಲನ್ನು ಕೈಯ ಮೇಲೆ ಹೊದಿಸಿ, ಅದರ ಮರೆಯಲ್ಲಿ ಎದುರಿನವನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಅದು ನೂರೋ ಸಾವಿರವೋ ಎಂಬುದನ್ನು ಎತ್ತಿನ ದರ್ಜೆ ನೋಡಿಯೇ ತಿಳಿಯಬೇಕು. ಸುತ್ತ ಹತ್ತು ಜನ ನಿಂತಿದ್ದರೂ ಮುಖ ಅಲುಗುವುದಿಲ್ಲ, ಸೊಲ್ಲು ಹೊರಡುವುದಿಲ್ಲ. ಇದಕ್ಕೆ ಅದರದೇ ಆದ ನ್ಯಾಯವೂ ಉಂಟು. ಒಬ್ಬನಿಗೆ ಹೇಳಿದ ದರ ಮತ್ತೊಬ್ಬನ ಕಿವಿಗೆ ಬಿದ್ದರೆ ಮುಂದಿನ ವ್ಯಾಪಾರ ಕೆಡುತ್ತದೆ. ಆದರೆ ಅದೇ ದಲಾಲನು ಕೊಳ್ಳುವವನ ಕೈಯನ್ನು ಬೇರೆ, ಮಾರುವವನ ಕೈಯನ್ನು ಬೇರೆ ಹಿಡಿದನೆಂದರೆ, ನಡುವೆ ಉಳಿದದ್ದು ಎಷ್ಟೆಂಬುದು ಟವಲಿಗೆ ಮಾತ್ರ ಗೊತ್ತು!

ಗಿರಾಕಿಯನ್ನು ಕರೆತಂದವನಿಗೆ ಕೂಲಿ ಕೊಡುವುದು ಹೊಸದೂ ಅಲ್ಲ, ತಪ್ಪೂ ಅಲ್ಲ. ಹುನಗುಂದ ತಾಲೂಕಿನ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ದಕ್ಷಿಣ ಭಾರತದ ತುಂಬ ವ್ಯಾಪಾರ ನಡೆಸಿತು. ಅದರ ಶಾಸನಗಳು ಕಡಲಾಚೆಯ ಸುಮಾತ್ರದಲ್ಲಿಯೂ ಸಿಕ್ಕಿವೆ. ಇಂಥ ವರ್ತಕರು ದೇವಸ್ಥಾನಕ್ಕೆ ಬಿಟ್ಟ ದತ್ತಿಗಳಲ್ಲಿ ಎಲೆಯ ಹೇರಿಗೆ ಇಷ್ಟು, ಅಡಕೆಗೆ ಇಷ್ಟು ಎಂದು ಕಲ್ಲಿನ ಮೇಲೆಯೇ ಬರೆಯಿಸಿದರು. ಅದು ದತ್ತಿ, ದಲಾಲಿಯಲ್ಲ ಎಂಬುದು ನಿಜ. ಆದರೂ ಬೆಲೆಯೊಳಗೆ ಸೇರಿಕೊಂಡ ಪಾಲನ್ನು ಹತ್ತು ಜನರಿಗೆ ಕಾಣುವಂತೆ ಇಡಬಹುದೆಂಬ ತಿಳಿವಳಿಕೆ ಈ ನೆಲಕ್ಕೆ ಹಳೆಯದು.

ಟವಲಿನ ಹಾನಿ ದೊಡ್ಡದಾಗಿ ಕಂಡದ್ದು ಹತ್ತಿಯ ಪೇಟೆಯಲ್ಲಿ. ಬಾಗಲಕೋಟೆಯ ಸೀಮೆ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ರೈತನು ಗಾಡಿ ತುಂಬಿ ತಂದ ಅರಳೆಯ ದರ ಅಡತಿಯವನ ಮತ್ತು ಖರೀದಿದಾರನ ಕೈಯೊಳಗೇ ಗೊತ್ತಾದರೆ, ಮಾಲಿನ ಒಡೆಯನೇ ಅಲ್ಲಿ ಹೊರಗಿನವನು. ವರ್ಹಾಡದಲ್ಲಿ 1897ರಲ್ಲಿಯೇ ಪೇಟೆಯ ಕಾನೂನು ಬಂದಿತ್ತು. ಮುಂಬಯಿ ಪ್ರಾಂತದಲ್ಲಿ 1927ರಲ್ಲಿ ಹತ್ತಿ ಪೇಟೆಗಳ ಕಾಯಿದೆಯಾಯಿತು. 1928ರಲ್ಲಿ ರಾಯಲ್ ಕೃಷಿ ಆಯೋಗವು ನಿಯಂತ್ರಿತ ಪೇಟೆಗಳು ಬೇಕೆಂದು ಶಿಫಾರಸು ಮಾಡಿತು. 1939ರಲ್ಲಿ ಮುಂಬಯಿಯ ಕೃಷಿ ಉತ್ಪನ್ನ ಪೇಟೆಗಳ ಕಾಯಿದೆ, ರಾಜ್ಯ ಒಂದಾದ ಮೇಲೆ 1966ರಲ್ಲಿ ನಮ್ಮದೇ ಕಾಯಿದೆ. ದಲಾಲನಿಗೆ ಲೈಸೆನ್ಸು, ದಲಾಲಿಗೆ ಮಿತಿ, ಮಾಲಿಗೆ ಬಹಿರಂಗ ಲಿಲಾವು ಬಂದವು. ದಲಾಲನನ್ನು ಅಳಿಸಲಿಲ್ಲ, ಅವನ ಟವಲನ್ನು ತೆಗೆಸಿದರು. ದನದ ಜಾತ್ರೆಗಳಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.

ಈಗ ಪೇಟೆಯೇ ಮೊಬೈಲಿಗೆ ಬಂದಿದೆ. ಒಬ್ಬನ ಬರಹ ಓದಿ ಇನ್ನೊಬ್ಬನ ಅಂಗಡಿಗೆ ಹೋದ ಗಿರಾಕಿ ಏನಾದರೂ ಕೊಂಡರೆ ಬರೆದವನಿಗೆ ದಲಾಲಿ ಸಲ್ಲುವ ಪದ್ಧತಿಯನ್ನು ಅಮೆರಿಕದ ಅಮೆಜಾನ್ 1996ರ ಜುಲೈಯಲ್ಲಿ ತನ್ನಲ್ಲಿ ಆರಂಭಿಸಿತು. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು. ಅಂಗಡಿಯ ವಿಳಾಸದ ಬಾಲದಲ್ಲಿ ದಲಾಲನ ಗುರುತು ಅಂಟಿಕೊಂಡಿರುತ್ತದೆ. ಬರೆದವನು ಆ ಉದ್ದ ವಿಳಾಸವನ್ನು ಮುಚ್ಚಿ, ತನ್ನ ಹೆಸರಿನ ಒಂದು ಗಿಡ್ಡ ವಿಳಾಸವನ್ನು ಮುಂದಿಡಬಹುದು. ನಾವು ಅದನ್ನು ಒತ್ತಿದೊಡನೆ ಅವನ ಯಂತ್ರವು ‘ಅಲ್ಲಿಗೆ ಹೋಗು’ ಎಂದು 301 ಅಥವಾ 302 ಎಂಬ ಸಂಕೇತ ಕೊಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ನಾವು ಅಂಗಡಿಯಲ್ಲಿರುತ್ತೇವೆ, ಕುಕಿ ಎಂಬ ಸಣ್ಣ ಗುರುತು ನಮ್ಮ ಯಂತ್ರದಲ್ಲಿ ಕೂತಿರುತ್ತದೆ. ಕೈಗೆ ಟವಲು ಹೊದಿಸಿದಂತೆಯೇ!

ಗಿಡ್ಡ ವಿಳಾಸವೆಲ್ಲ ಮೋಸವೆನ್ನಲಾಗದು. ಅಂಗಡಿಯ ವಿಳಾಸ ಬದಲಾದರೆ ಒಂದೇ ಕಡೆ ತಿದ್ದಬಹುದೆಂಬ ಅನುಕೂಲವೂ ಇದೆ. ಆದರೆ ಟವಲಿನ ಆಟ ಎಲ್ಲಿಯವರೆಗೆ ಹೋದೀತೆಂಬುದಕ್ಕೆ ಇಬೇ ಕಂಪನಿ 2008ರಲ್ಲಿ ಹೂಡಿದ ದಾವೆ ಸಾಕ್ಷಿ. ಯಾರೂ ಏನನ್ನೂ ಒತ್ತದೆಯೇ, ಪುಟ ತೆರೆದವರ ಯಂತ್ರಗಳಲ್ಲಿ ಗುಟ್ಟಾಗಿ ಗುರುತು ಊರಿ, ಅವರು ತಾವಾಗಿಯೇ ಮುಂದೆ ಕೊಂಡ ಸಾಮಾನಿಗೆಲ್ಲ ದಲಾಲಿ ಎತ್ತಿದ್ದರು. ಎತ್ತನ್ನೇ ನೋಡದ ದಲಾಲನು ಸಂದಾಯಕ್ಕೆ ಕೈಯೊಡ್ಡಿದ ಹಾಗೆ. ಆ ಕಂಪನಿಗೆ ಅತಿ ಹೆಚ್ಚು ಗಿರಾಕಿ ತಂದವನೆನಿಸಿದ್ದಾತನಿಗೆ 2014ರಲ್ಲಿ ಐದು ತಿಂಗಳ ಸೆರೆವಾಸವಾಯಿತು.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕೆಳಗೆ 2022ರ ಜೂನಿನಲ್ಲಿ ನಿಯಮಗಳು ಬಂದವು. ಶಿಫಾರಸು ಮಾಡುವವನಿಗೂ ಮಾರುವವನಿಗೂ ಹಣದ ಸಂಬಂಧವಿದ್ದರೆ ಅದನ್ನು ಹೇಳತಕ್ಕದ್ದು. ದಾರಿ ತಪ್ಪಿಸುವ ಜಾಹೀರಾತಿಗೆ ಕಾಯಿದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವುಂಟು. 2023ರ ನವೆಂಬರಿನಲ್ಲಿ ಬರಹದ ವೇಷದ ಜಾಹೀರಾತನ್ನು ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಲಾಯಿತು. ಕಾನೂನು ಸಾಕಷ್ಟಿದೆ; ಆದರೆ ಲಿಲಾವಿನ ಕಟ್ಟೆಗೆ ಇದ್ದ ಹತ್ತು ಜನರ ಕಣ್ಣು ಇಲ್ಲಿಲ್ಲ, ಒಬ್ಬೊಬ್ಬನೂ ಒಂಟಿಯಾಗಿ ಕೊಳ್ಳುತ್ತಾನೆ.

ಇದರ ಪೆಟ್ಟು ನೇಕಾರನಿಗೂ ತಟ್ಟಬಹುದು. ಇಳಕಲ್ಲ ಕೈಮಗ್ಗದ ಸೀರೆಯಲ್ಲಿ ಒಡಲಿನ ನೂಲನ್ನೂ ಸೆರಗಿನ ರೇಷ್ಮೆಯನ್ನೂ ತೊಪೆತೆನಿಯ ಕುಣಿಕೆಗಳಿಂದ ಕೂಡಿಸುತ್ತಾರೆ. ಅದು ನಿಧಾನದ ಕೆಲಸ, ಬೆಲೆ ಇಳಿಸಲು ಬರುವುದಿಲ್ಲ. ‘ಉತ್ತಮ ಇಳಕಲ್ಲ ಸೀರೆಗಳು ಹತ್ತು’ ಎಂಬ ಪಟ್ಟಿಯನ್ನು ದಲಾಲಿ ನೋಡಿ ಜೋಡಿಸಿದರೆ, ಹೆಚ್ಚು ಪಾಲು ಕೊಡುವ ಯಂತ್ರಮಗ್ಗದ ಮಾಲು ಮೇಲೇರುತ್ತದೆ, ಕೈಮಗ್ಗದ್ದು ಪಟ್ಟಿಗೇ ಬರುವುದಿಲ್ಲ.

ಕೊಳ್ಳುವ ಮುನ್ನ ಟವಲು ಎತ್ತಿ ನೋಡುವುದು ಕಷ್ಟವೇನಲ್ಲ. ಕೊಂಡಿಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಅದರ ವಿಳಾಸ ಕಾಣುತ್ತದೆ. ಅದು ಗಿಡ್ಡದಿದ್ದರೆ, ತೆರೆದ ಮೇಲೆ ಮೇಲಿನ ಪಟ್ಟಿಯಲ್ಲಿ ಬಂದ ಉದ್ದ ವಿಳಾಸವನ್ನು ಕೊನೆಯವರೆಗೆ ಓದಬೇಕು. ಭಾರತದ ಅಮೆಜಾನಿನದಾದರೆ ‘ಟ್ಯಾಗ್’ ಎಂಬ ಪದದ ಮುಂದೆ ಒಂದು ಹೆಸರು, ಅದರ ತುದಿಗೆ 21 ಎಂಬ ಅಂಕಿ ಇರುತ್ತದೆ. ಆ ಹೆಸರೇ ದಲಾಲನದು.