ಸಂಘರ್ಷ (ಸಣ್ಣಕತೆಯಲ್ಲಿ)

ಕತೆಯ ಪಾತ್ರಕ್ಕೂ ಅದನ್ನು ತಡೆಯುವ ಶಕ್ತಿಗೂ ನಡೆಯುವ ಎಳೆದಾಟ. ತಡೆ ಇನ್ನೊಬ್ಬ ವ್ಯಕ್ತಿಯಿಂದ, ಸಮಾಜದಿಂದ, ನಿಸರ್ಗದಿಂದ ಅಥವಾ ಪಾತ್ರದ ಒಳಗಿನಿಂದಲೇ ಬರಬಹುದು. ಕಾದಂಬರಿ ಹಲವು ಸಂಘರ್ಷಗಳನ್ನು ನಿಧಾನವಾಗಿ ಬೆಳೆಸಬಲ್ಲದು. ಸಣ್ಣಕತೆಗೆ ಸಾಮಾನ್ಯವಾಗಿ ಒಂದೇ ಸಾಕು, ಅದೂ ಹೆಚ್ಚಾಗಿ ಬಿಗಡಾಯಿಸಿದ ಹಂತದಲ್ಲಿ ಶುರುವಾಗುತ್ತದೆ.

ಶಿವಮೊಗ್ಗ ಸೀಮೆಯ ಕಥೆಗಾರರಲ್ಲಿ ಇದರ ಉತ್ತಮ ಮಾದರಿಗಳಿವೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ (1932–2014) ಅವರ ‘ಮೌನಿ’ ಅವುಗಳಲ್ಲಿ ಮುಖ್ಯವಾದುದು. ಅಡಿಕೆ ತೋಟದ ಇಬ್ಬರು ಬೆಳೆಗಾರರಲ್ಲಿ ಅಪ್ಪಣ್ಣ ಭಟ್ಟರು ವ್ಯವಹಾರಸ್ಥರು, ಕುಪ್ಪಣ್ಣ ಭಟ್ಟರು ಸಾಲದಲ್ಲಿ ಮುಳುಗಿದವರು. ಹೊರನೋಟಕ್ಕೆ ಇದು ನೆರೆಹೊರೆಯ ಜಗಳ. ಆದರೆ ಎದುರಾಳಿ ಉತ್ತರವನ್ನೇ ಕೊಡದಿದ್ದಾಗ ಗೆದ್ದವನ ಗೆಲುವಿಗೆ ಅರ್ಥವೇನು ಎಂಬ ಪ್ರಶ್ನೆ ಏಳುತ್ತದೆ. ಮಾತಿಲ್ಲದೆಯೂ ಸಂಘರ್ಷ ಉಕ್ಕಬಲ್ಲದು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಬಲವಾದ ಸಾಕ್ಷಿ ಸಿಗುವುದು ಕಷ್ಟ. ಅವರದೇ ‘ಸೂರ್ಯನ ಕುದುರೆ’ಯಲ್ಲಿ ಹೋರಾಟ ಒಳಗಿನದು: ಓದಿ ಬದಲಾದ ಅನಂತು, ಊರಲ್ಲೇ ಉಳಿದ ಗೆಳೆಯ ಹಡೆ ವೆಂಕಟನ ಸರಳ ಆನಂದದ ಮುಂದೆ ತನ್ನ ವಿಚಾರಗಳನ್ನೇ ಅನುಮಾನಿಸತೊಡಗುತ್ತಾನೆ.

ಕೊನಗವಳ್ಳಿಯ ಪಿ. ಲಂಕೇಶ್ (1935–2000) ಒರಟು, ನೇರ ಗದ್ಯದಲ್ಲಿ ಜಾತಿ, ಕಾಮ, ಅಸೂಯೆಗಳ ತಿಕ್ಕಾಟ ಬರೆದರು; ‘ಕಲ್ಲು ಕರಗುವ ಸಮಯ’ ಸಂಕಲನಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಕತೆಯಲ್ಲಿ ಮುಖ್ಯ ಪಾತ್ರ ಬೋಬಣ್ಣನ ಕುತೂಹಲಕ್ಕೆ ಎದುರಾಗುವುದು ಸಣ್ಣ ಊರಿನ ಶಂಕೆ.

ಸಂಘರ್ಷ ಪರಿಹಾರವಾಗಲೇಬೇಕೆಂಬ ನಿಯಮವಿಲ್ಲ. ನವ್ಯ ಸಾಹಿತ್ಯದ ಅನೇಕ ಕತೆಗಳು ಅದನ್ನು ತೆರೆದೇ ಬಿಡುತ್ತವೆ.