ಉಕ್ಕು ಎಂಬ ಶಬ್ದವೂ ಅಲಗಿನ ಹದವೂ

ಆಂಗ್ಲೇಯ ನಿಘಂಟುಗಳಲ್ಲಿ ‘ವೂಟ್ಸ್’ ಎಂಬುದೊಂದು ಶಬ್ದವಿದೆ. ದಕ್ಷಿಣ ಭರತಖಂಡದಲ್ಲಿ ಮೂಸೆಯೊಳಗೆ ಕರಗಿಸಿ ಮಾಡುತ್ತಿದ್ದ ಉಕ್ಕಿಗೆ ಆ ಹೆಸರು ರೂಢವಾಗಿದೆ. ಈ ಶಬ್ದವು ಎಲ್ಲಿಂದ ಬಂದಿತು, ಆ ಉಕ್ಕಿನಿಂದ ಕತ್ತಿಯನ್ನು ಮಾಡುವ ವಿದ್ಯೆಯು ಹೇಗೆ ಮರೆಯಾಯಿತು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಬೇರೆ ಬೇರೆಯಾಗಿ ತೋರುತ್ತವೆ. ವಿಚಾರಿಸಿದರೆ ಎರಡಕ್ಕೂ ಉತ್ತರವಿರುವುದು ಒಂದೇ ಸ್ಥಳದಲ್ಲಿ. ಅದು ಕಮ್ಮಾರನ ಕುಲುಮೆ.

ಮೊದಲು ಶಬ್ದವಿಚಾರ. ತಮಿಳು ಮಲಯಾಳಗಳಲ್ಲಿ ಉಕ್ಕಿಗೆ ‘ಉರುಕ್ಕು’ ಎಂದು ಹೆಸರು. ಕರಗಿಸು ಎಂಬುದು ಅದರ ಧಾತ್ವರ್ಥ. ಕನ್ನಡದಲ್ಲಿ ಇದರ ಪ್ರಾಚೀನರೂಪವು ‘ಉರ್ಕು’. ಕರ್ಪು ಎಂಬುದು ಕಪ್ಪು ಆದಂತೆ ರೇಫವು ಲೋಪಿಸಿ ಮುಂದಿನ ವ್ಯಂಜನಕ್ಕೆ ದ್ವಿತ್ವ ಬಂದು ‘ಉಕ್ಕು’ ಆಯಿತು. ಎಂದರೆ, ಕರಗಿಸಿ ಪಡೆದ ಲೋಹವೆಂಬ ಅರ್ಥವು ಹೆಸರಿನಲ್ಲಿಯೇ ಅಡಗಿದೆ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಿದ ಪ್ರಬಂಧದಲ್ಲಿ ‘ವೂಟ್ಸ್’ ಎಂಬ ರೂಪವು ಮೊದಲು ಕಾಣಿಸುತ್ತದೆ. ‘ಉಕ್ಕು’ ಎಂಬುದನ್ನು ಸೂಚಿಸುವ ‘ವೂಕ್’ ಎಂಬ ಬರೆಹವನ್ನು ಲೇಖಕರು ತಪ್ಪಾಗಿ ಓದಿದುದರಿಂದಲೇ ಈ ರೂಪವು ಹುಟ್ಟಿರಬಹುದೆಂದು ೧೮೮೬ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬ ಕೋಶಕಾರರು ತಿಳಿಸಿದರು. ಕನ್ನಡ ಸೀಮೆಯಲ್ಲಿ ಮೇಲ್ತರದ ವಸ್ತುವಿಗೆ ಹೇಳುವ ‘ಉಚ್ಚ’ ಎಂಬ ಮಾತೇ ಹೀಗಾಯಿತೆಂಬುದು ಬಾಲ್ಫರನ ಮತ. ಈ ಎರಡನೆಯ ಮತವು ದುರ್ಬಲವಾದುದು. ಉಚ್ಚವೆಂಬುದು ಗುಣವಾಚಕ, ಇದು ಯಾವ ವಸ್ತುವೆಂದು ಕೇಳಿದವನಿಗೆ ಮಾಡುವವನು ವಸ್ತುವಿನ ಹೆಸರನ್ನು ಹೇಳುವನೇ ಹೊರತು ಅದರ ತರವನ್ನಲ್ಲ.

ಇನ್ನು ಕತ್ತಿಯ ವಿಚಾರವಾಗಿ ಶಾಸ್ತ್ರಗ್ರಂಥಗಳು ಹೇಳುವುದೇನೆಂಬುದನ್ನು ನೋಡಬೇಕು. ಕೌಟಿಲ್ಯನು ನಿಸ್ತ್ರಿಂಶ, ಮಂಡಲಾಗ್ರ, ಅಸಿಯಷ್ಟಿ ಎಂದು ಖಡ್ಗಗಳನ್ನು ಮೂರು ವಿಧವಾಗಿ ವಿಂಗಡಿಸಿ, ಹಿಡಿಗೆ ಖಡ್ಗಮೃಗದ ಕೊಂಬು, ಕೋಣನ ಕೊಂಬು, ಆನೆಯ ದಂತ, ಮರ, ಬಿದಿರಿನ ಬೇರು ಇವುಗಳನ್ನು ಹೇಳುತ್ತಾನೆ. ವರಾಹಮಿಹಿರನು ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿ ಐವತ್ತು ಅಂಗುಲದ ಅಲಗು ಉತ್ತಮ, ಇಪ್ಪತ್ತೈದರದು ಅಧಮ ಎಂದು ಅಳತೆಯನ್ನು ಕೊಟ್ಟು, ಶಸ್ತ್ರಪಾನವನ್ನು, ಎಂದರೆ ಹದಕೊಡುವ ಕ್ರಮವನ್ನು, ವಿವರಿಸಿದ್ದಾನೆ. ಅಲ್ಲಿ ಒಂದೊಂದು ದ್ರವಕ್ಕೆ ಒಂದೊಂದು ಕಾಮ್ಯಫಲವನ್ನು ಹೇಳಿರುವುದು ಜ್ಯೌತಿಷಕ್ಕೆ ಸೇರಿದ ಮಾತು. ಆದರೆ ಎಕ್ಕದ ಹಾಲು, ಕೊಂಬಿನ ಮಸಿ, ಪಾರಿವಾಳ ಮತ್ತು ಇಲಿಯ ಹಿಕ್ಕೆ ಇವುಗಳ ಲೇಪವನ್ನು ವಿಧಿಸಿರುವುದು ಕುಲುಮೆಯ ಅನುಭವದಿಂದ ಬಂದುದೆಂದು ತೋರುತ್ತದೆ. ಇಷ್ಟಾದರೂ ಆ ಪ್ರಕರಣಗಳಿಂದ ಹಿಡಿಯ ದ್ರವ್ಯ, ಅಲಗಿನ ಮಾನ, ಕೊನೆಯ ಹದ ಇವು ತಿಳಿಯುತ್ತವೆಯಲ್ಲದೆ, ಉಕ್ಕನ್ನು ಯಾವ ಕಾವಿನಲ್ಲಿ ಎಷ್ಟು ಸಲ ಬಡಿಯಬೇಕೆಂಬುದು ತಿಳಿಯುವುದಿಲ್ಲ. ಅದು ಕೈಯಿಂದ ಕೈಗೆ ಬಂದ ವಿದ್ಯೆ.

ಉಕ್ಕನ್ನು ಮಾಡುವ ರೀತಿಯನ್ನು ಕಣ್ಣಾರೆ ಕಂಡು ಬರೆದವರಲ್ಲಿ ಫ್ರಾನ್ಸಿಸ್ ಬುಕಾನನನು ಮುಖ್ಯನು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಆತನು ಮಾಗಡಿಯ ಕಡೆಯ ಕುಲುಮೆಗಳನ್ನು ವರ್ಣಿಸಿದ್ದಾನೆ. ಜೇಡಿಮಣ್ಣಿನ ಮೂಸೆಯಲ್ಲಿ ಮೆದು ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಗಳನ್ನೂ ಹಸಿಯ ಎಲೆಗಳನ್ನೂ ಇಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ಅಂತಹ ಹಲವು ಮೂಸೆಗಳನ್ನು ಒಟ್ಟಾಗಿ ಜೋಡಿಸಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿಯೂ ಎಲೆಯೂ ಒಳಗೇ ಕರಿದು, ಅವುಗಳ ಅಂಗಾರಾಂಶವನ್ನು ಹೀರಿಕೊಂಡ ಕಬ್ಬಿಣವು ಕರಗಿ ಉಕ್ಕಾಗುತ್ತಿತ್ತು. ‘ಉರ್ಕು’ ಎಂಬ ಹೆಸರು ಸಾರ್ಥಕವಾದುದು ಹೀಗೆ.

ಈ ಉಕ್ಕಿನ ಬಿಲ್ಲೆಗಳನ್ನು ಬೊಂಬಾಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ಪಿಯರ್ಸನ್ ಪರೀಕ್ಷಿಸಿದುದು ಅವುಗಳನ್ನೇ; ಒಂದೊಂದೂ ಸುಮಾರು ಐದು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಎರಡು ಪೌಂಡಿಗೂ ಮಿಕ್ಕ ತೂಕ. ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟನು ಬಹುಕಾಲ ಹೋಲಿಸಿ ನೋಡಿ, ಯೂರೋಪಿನ ಅತ್ಯುತ್ತಮವಾದ ಉಕ್ಕಿಗಿಂತಲೂ ಇದೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲಿ ಪ್ರಕಟಿಸಿದನು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ ೧೮೧೯ರಲ್ಲಿ ಇದನ್ನು ವಿಶ್ಲೇಷಿಸಿ, ಬಳಿಕ ಸ್ಟೋಡಾರ್ಟನೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳನ್ನು ಕುರಿತು ೧೮೨೦ರಲ್ಲಿಯೂ ೧೮೨೨ರಲ್ಲಿಯೂ ಪ್ರಬಂಧಗಳನ್ನು ಬರೆದನು. ಇದರ ಗುಣಕ್ಕೆ ಕಾರಣವು ಅಲ್ಯೂಮಿನಿಯಮ್ಮಿನ ಅಂಶವೆಂದು ಅವನು ಊಹಿಸಿದುದು ನಿಲ್ಲಲಿಲ್ಲ. ಪ್ಯಾರಿಸಿನ ಬ್ರೇಯಾನನು ೧೮೨೩ರಲ್ಲಿ ಅಂಗಾರಾಂಶದ ಆಧಿಕ್ಯವೇ ಕಾರಣವೆಂದು ತೋರಿಸಿದನು. ರಷ್ಯಾದ ಜ್ಲಾತೌಸ್ತಿನಲ್ಲಿ ಅನೋಸೊವನು ಬಹುಕಾಲ ಪ್ರಯೋಗಗಳನ್ನು ನಡೆಸಿ ೧೮೪೧ರಲ್ಲಿ ‘ಬುಲಾತ್’ ಉಕ್ಕನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು.

ಪರೀಕ್ಷಕರ ಕುತೂಹಲವನ್ನು ಕೆರಳಿಸಿದುದು ಅಲಗಿನ ಮೇಲಣ ಅಲೆಯಂತಹ ಗೆರೆಗಳು. ಪಾರಸಿಗಳು ಇದನ್ನು ‘ಜೌಹರ್’ ಎನ್ನುವರು. ಇದು ಮೇಲೆ ಕೊರೆದ ಚಿತ್ರವಲ್ಲ. ಲೋಹದ ಒಡಲಿನಿಂದಲೇ ಮೂಡಿದುದು. ಹೆಚ್ಚು ಕಾಯಿಸಿ ಬಡಿದ ಯೂರೋಪಿನ ಕಮ್ಮಾರರ ಕೈಯಲ್ಲಿ ಈ ಉಕ್ಕು ಪುಡಿಯಾಗುತ್ತಿತ್ತು. ಇದರ ಮರ್ಮವನ್ನು ಅಮೆರಿಕೆಯ ಲೋಹಶಾಸ್ತ್ರಜ್ಞ ಜಾನ್ ವರ್ಹೋವನ್ ಮತ್ತು ಕೈಯಿಂದ ಕತ್ತಿಗಳನ್ನು ಮಾಡುತ್ತಿದ್ದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಇಬ್ಬರೂ ಕೂಡಿ ೧೯೯೮ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು ಒಂದೂವರೆ ಭಾಗ ಅಂಗಾರಾಂಶವೂ ಅತ್ಯಲ್ಪ ವೆನೇಡಿಯಮ್ಮಿನಂತಹ ಕಲಬೆರಕೆಯೂ ಇರುವ ಉಕ್ಕನ್ನು ಮಿತವಾದ ಕಾವಿನಲ್ಲಿ ಮತ್ತೆ ಮತ್ತೆ ಕಾಯಿಸಿ ಬಡಿದರೆ, ಕಠಿನಕಣಗಳು ಸಾಲುಗೂಡಿ ಗೆರೆಗಳಾಗುತ್ತವೆ. ಅಲಗಿಗೆ ಅಡ್ಡಲಾಗಿ ಕಚ್ಚುಗಳನ್ನು ಹಾಕಿ ಮತ್ತೆ ಬಡಿದು ಸಮಮಾಡಿದರೆ, ಏಣಿಯ ಮೆಟ್ಟಿಲುಗಳಂತಹ ವಿನ್ಯಾಸವು ಮೂಡುತ್ತದೆ. ಎಂದಮೇಲೆ ಕತ್ತಿಯ ಅಲಂಕಾರವು ಅದರ ಹದದಿಂದ ಬೇರೆಯಾದುದಲ್ಲ. ಗೆರೆ ಮೂಡಿದುದೇ ಕಮ್ಮಾರನು ಕಾವನ್ನು ಮೀರಲಿಲ್ಲವೆಂಬುದಕ್ಕೆ ಸಾಕ್ಷಿ.

ಸುಮಾರು ಇನ್ನೂರು ವರ್ಷ ಪ್ರಯೋಗಶಾಲೆಗಳಲ್ಲಿ ನಡೆದ ಶೋಧವು, ವಿದ್ವಾಂಸನ ಪಕ್ಕದಲ್ಲಿ ಸುತ್ತಿಗೆ ಹಿಡಿದ ಕಮ್ಮಾರನೂ ನಿಂತ ಮೇಲೆ ಫಲಿಸಿತು. ಅಷ್ಟರಲ್ಲಿ ಮಾಗಡಿಯ ಮೂಸೆಗಳು ಆರಿಹೋಗಿದ್ದುವು. ಪರದೇಶದ ಅಗ್ಗದ ಉಕ್ಕು ಬಂದುದೂ, ಇದ್ದಲಿಗೆ ಬೇಕಾದ ಕಾಡು ಕೈತಪ್ಪಿದುದೂ, ಆಯುಧಗಳನ್ನು ಹಿಡಿಯುವುದಕ್ಕೆ ನಿರ್ಬಂಧವಾದುದೂ ಇದಕ್ಕೆ ಕಾರಣಗಳಾದುವು. ಕುಲುಮೆಯನ್ನು ಕಾಣದ ಲೇಖನಿಯಲ್ಲಿ ‘ಉಕ್ಕು’ ‘ವೂಟ್ಸ್’ ಆದಂತೆಯೇ, ಕುಲುಮೆಯಿಂದ ಬೇರ್ಪಟ್ಟ ಉಕ್ಕು ಅರ್ಥವಾಗದ ಲೋಹವಾಯಿತು.

ಇದರಿಂದ ನಿಘಂಟುಕಾರರಿಗೂ ಭಾಷಾಧ್ಯಾಪಕರಿಗೂ ಒಂದು ಕರ್ತವ್ಯವು ಸ್ಪಷ್ಟವಾಗುತ್ತದೆ. ಛುರಿಕೆಯಿಂದ ಸುರಿಗೆ, ಕರ್ತರಿಯಿಂದ ಕತ್ತರಿ ಎಂಬ ತದ್ಭವಗಳನ್ನು ವ್ಯಾಕರಣದ ಬಲದಿಂದ ಸಾಧಿಸಬಹುದು. ಆದರೆ ಕಾದ ಲೋಹದ ಬಣ್ಣಕ್ಕೆ, ಪೆಟ್ಟಿನ ತೂಕಕ್ಕೆ, ಹದದ ತರತಮಕ್ಕೆ ಕಮ್ಮಾರರಾಡುವ ಮಾತುಗಳು ಯಾವ ಸೂತ್ರದಿಂದಲೂ ಸಿದ್ಧಿಸುವುವಲ್ಲ. ಕೆಲಸ ನಿಂತೊಡನೆ ಆ ಮಾತೂ ನಿಲ್ಲುತ್ತದೆ. ಹಳ್ಳಿಗಳಲ್ಲಿ ಕುಡುಗೋಲು ಮಚ್ಚುಗಳನ್ನು ಬಡಿಯುವ ಕುಲುಮೆಗಳು ಇನ್ನೂ ಅಲ್ಲಲ್ಲಿ ಉರಿಯುತ್ತಿರುವಾಗಲೇ ಅವುಗಳನ್ನು ಕೇಳಿ ಬರೆದಿಡಬೇಕು. ಶಬ್ದವನ್ನು ಅದು ಹುಟ್ಟಿದೆಡೆಯಲ್ಲಿ ಕೇಳದೆ ಬರೆದರೆ ಏನಾಗುವುದೆಂಬುದಕ್ಕೆ ‘ವೂಟ್ಸ್’ ಒಂದೇ ನಿದರ್ಶನವು ಸಾಕಾಗಿದೆ.