ಸಮುದ್ರ ಕಾಣದ ಊರಿನ ತಂದೆ-ತಾಯಿ, ಹಡಗಿನ ಮೇಲಿನ ಮಕ್ಕಳು

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಜನರಿಗೆ ಭೀಮೆ ಗೊತ್ತು, ಕೃಷ್ಣೆ ಗೊತ್ತು, ಉಕ್ಕಿದರೆ ಹೊಲ ನುಂಗುವ ಡೋಣಿ ಗೊತ್ತು. ಸಮುದ್ರ ಮಾತ್ರ ಗೊತ್ತಿಲ್ಲ. ಆದರೂ ಈ ಒಣಭೂಮಿಯ ಮನೆಗಳಿಂದ ನೌಕಾಸೇನೆ ಸೇರಿದ ಮಕ್ಕಳಿದ್ದಾರೆ. ನೌಕಾಸೇನೆಯ ಇತಿಹಾಸ ಎಂದರೆ ಹಡಗಿನ ಹೆಸರು, ಕಪ್ತಾನನ ಹೆಸರು, ಯುದ್ಧದ ತಾರೀಖು ಎಂದೇ ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಆ ಹಡಗಿನೊಳಗಿನ ಹುಡುಗನಿಗೆ ಮನೆಯಿಂದ ಪತ್ರ ಹೇಗೆ ಹೋಗುತ್ತಿತ್ತು, ಅವನು ಏನು ತಿನ್ನುತ್ತಿದ್ದ, ಅವನ ಅವ್ವ-ಅಪ್ಪ ಅವನನ್ನು ನೋಡಲು ಎಲ್ಲಿಗೆ ಹೋಗಬೇಕಿತ್ತು ಎಂಬುದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಈ ಲೇಖನದಲ್ಲಿ ಅದನ್ನೇ ಸ್ವಲ್ಪ ಹುಡುಕಿ ನೋಡುವ ಪ್ರಯತ್ನ ಮಾಡಿದ್ದೇನೆ.

ಇದಕ್ಕೆ ನನ್ನದೇ ಒಂದು ಕಾರಣವೂ ಇದೆ. 1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ ನಾನು ಸಿಂದಗಿ ತಾಲ್ಲೂಕಿನ ಒಂದು ಉರ್ದು ಶಾಲೆಯಲ್ಲಿ ಆರನೆಯ ತರಗತಿಯ ಹುಡುಗ. ನಮ್ಮ ಓಣಿಯ ಖಾಲಾ ಒಬ್ಬರ ಮಗ ನೌಕಾಸೇನೆಯಲ್ಲಿದ್ದ. ಖಾಲಾ ಹೇಳುತ್ತಿದ್ದರು, ನಾನು ಉರ್ದುವಿನಲ್ಲಿ ಬರೆಯುತ್ತಿದ್ದೆ. ವಿಳಾಸವನ್ನು ಮಾತ್ರ ಮಗ ಕಳಿಸಿದ ಕಾಗದ ನೋಡಿ ಇಂಗ್ಲಿಷ್ ಅಕ್ಷರಗಳಲ್ಲಿ ನಕಲು ಮಾಡಬೇಕಿತ್ತು. ಹೆಸರು, ನಂಬರು, ಹಡಗಿನ ಹೆಸರು, ಕೊನೆಗೆ ‘ಫ್ಲೀಟ್ ಮೇಲ್ ಆಫೀಸ್, ಮುಂಬೈ’. ಖಾಲಾ ಪ್ರತಿ ಸಲ ಕೇಳುತ್ತಿದ್ದರು: “ಬೇಟಾ, ಇಸ್ಮೆ ಗಾಂವ್ ಕಾ ನಾಂವ್ ಕಾಂ ಹೈ?” ಇದರಲ್ಲಿ ಊರಿನ ಹೆಸರೆಲ್ಲಿದೆ ಎಂದು. ಊರಿಲ್ಲದ ವಿಳಾಸ ಹೇಗೆ ಮುಟ್ಟೀತು ಎಂಬುದು ಅವರ ಚಿಂತೆ. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ತಿಳಿದದ್ದು ಬಹಳ ವರ್ಷಗಳ ಮೇಲೆ. ಹಡಗು ಇಂದು ಎಲ್ಲಿದೆ, ನಾಳೆ ಎಲ್ಲಿಗೆ ಹೋಗುತ್ತದೆ ಎಂಬುದು ಗುಟ್ಟು. ಆದ್ದರಿಂದ ನಾವಿಕರ ಪತ್ರಗಳೆಲ್ಲ ಮೊದಲು ಫ್ಲೀಟ್ ಮೇಲ್ ಆಫೀಸಿಗೆ ಬರುತ್ತವೆ. ಅಲ್ಲಿ ಹಡಗುವಾರು ವಿಂಗಡಿಸಿ, ಹಡಗು ಯಾವ ಬಂದರಿಗೆ ಬರುವುದಿದೆಯೋ ಅಲ್ಲಿಗೆ ಚೀಲ ಕಳಿಸುತ್ತಾರೆ. ಹಡಗು ಸಮುದ್ರದ ಮೇಲೆ ತಿಂಗಳಿದ್ದರೆ ಪತ್ರವೂ ತಿಂಗಳು ಕಾಯುತ್ತದೆ. 1999ರಲ್ಲಿ ನೌಕಾಸೇನೆ ‘ಆಪರೇಷನ್ ತಲ್ವಾರ್’ ಹೆಸರಿನಲ್ಲಿ ಪೂರ್ವ ಕರಾವಳಿಯ ಹಡಗುಗಳನ್ನೂ ಅರಬ್ಬಿ ಸಮುದ್ರಕ್ಕೆ ತಂದು ನಿಲ್ಲಿಸಿತ್ತು. ಗುಡ್ಡದ ಮೇಲಿನ ಯುದ್ಧವನ್ನು ನಾವು ಟಿವಿಯಲ್ಲಿ ನೋಡುತ್ತಿದ್ದೆವು. ಸಮುದ್ರದ ಸುದ್ದಿ ಟಿವಿಯಲ್ಲಿ ಬರುತ್ತಿದ್ದುದು ಕಡಿಮೆ. ಆ ಬೇಸಿಗೆಯಲ್ಲಿ ಖಾಲಾಗೆ ಅನೇಕ ವಾರ ಉತ್ತರ ಬರಲಿಲ್ಲ.

ಸಮುದ್ರ ದೂರವಿದ್ದರೂ ಸಮುದ್ರದ ಮಾತು ನಮ್ಮ ನಾಲಿಗೆಯ ಮೇಲಿದೆ. ಕನ್ನಡದಲ್ಲಿ ನಾವು ಸಹಜವಾಗಿ ಬಳಸುವ ಬಂದರು, ಲಂಗರು ಎರಡೂ ಫಾರಸಿ ಶಬ್ದಗಳು. ಖಲಾಸಿ ಅರಬ್ಬಿ ಮೂಲದ್ದು. ಹಡಗಿನ ಒಡೆಯನಿಗೆ ನಾಖುದಾ ಎನ್ನುವುದೂ ಫಾರಸಿಯೇ. ಇಂಗ್ಲಿಷರ ‘ಅಡ್ಮಿರಲ್’ ಕೂಡ ಅರಬ್ಬಿಯ ‘ಅಮೀರ್’ನಿಂದ ಹುಟ್ಟಿತು ಎಂದರೆ ಮಕ್ಕಳು ನಂಬುವುದೇ ಇಲ್ಲ. ಕಂಪನಿಯ ಹಡಗುಗಳಲ್ಲಿ ದುಡಿಯುತ್ತಿದ್ದ ಹಿಂದೂಸ್ತಾನದ ಖಲಾಸಿಗಳ ಭಾಷೆ ಇಂಗ್ಲಿಷ್ ಅಧಿಕಾರಿಗಳಿಗೆ ಎಷ್ಟು ಅವಶ್ಯವಾಗಿತ್ತೆಂದರೆ ಥಾಮಸ್ ರೋಬಕ್ ಎಂಬಾತ 1811ರಲ್ಲಿ ಇಂಗ್ಲಿಷ್–ಹಿಂದೂಸ್ತಾನಿ ನೌಕಾ ನಿಘಂಟನ್ನೇ ತಯಾರಿಸಿದ. ಅದಕ್ಕೂ ಹಿಂದೆ ಗೋವಾ, ದಾಭೋಳ ಬಂದರುಗಳು ನಮ್ಮ ಬಿಜಾಪುರದ ಆದಿಲ್‌ಶಾಹಿಗೆ ಸೇರಿದ್ದವು. 1510ರ ನವೆಂಬರ್‌ನಲ್ಲಿ ಗೋವಾ ಪೋರ್ಚುಗೀಸರ ಪಾಲಾಯಿತು. ಆ ಮೇಲೆ ವ್ಯಾಪಾರಕ್ಕಾಗಲಿ, ಹಜ್‌ಗಾಗಲಿ ಹೋಗುವ ಹಡಗು ಅವರ ಪರವಾನಗಿ ಪತ್ರ ಇಟ್ಟುಕೊಳ್ಳಬೇಕಾಯಿತು.

ನಮ್ಮ ಜಿಲ್ಲೆಗೆ ಸಮುದ್ರ ಹತ್ತಿರವಾದದ್ದು ಮುಂಬಯಿಯ ಮೂಲಕ. ಬಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲೇ ಇತ್ತು. 1880ರ ದಶಕದಲ್ಲಿ ಹೊಟಗಿ–ಗದಗ ರೈಲು ಹಾದಿ ಆದ ಮೇಲೆ ಬರ ಬಿದ್ದಾಗಲೆಲ್ಲ ನಮ್ಮ ಜನ ಸೋಲಾಪುರ, ಮುಂಬಯಿಗಳ ಗಿರಣಿಗಳಿಗೆ ಹೋದರು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ಸ್ಟೇಷನ್ನುಗಳು ಇಂದಿಗೂ ಆ ಹಾದಿಯಲ್ಲಿವೆ. ಸಿಂದಗಿಯವರಿಗೆ, ಮುದ್ದೇಬಿಹಾಳದವರಿಗೆ ಆ ಸೌಕರ್ಯವೂ ಊರ ಬಾಗಿಲಿಗೆ ಬರಲಿಲ್ಲ.

ಅದೇ ಮುಂಬಯಿ ರಾಯಲ್ ಇಂಡಿಯನ್ ನೇವಿಯ ಕೇಂದ್ರವಾಗಿತ್ತು. 1934ರ ಅಕ್ಟೋಬರ್ 2ರಂದು ಈ ಹೆಸರು ಪಡೆದ ನೌಕಾಸೇನೆಯಲ್ಲಿ ಎರಡನೆಯ ಮಹಾಯುದ್ಧಕ್ಕೆ ಮುನ್ನ ಎರಡು ಸಾವಿರ ಜನರೂ ಇರಲಿಲ್ಲ. ಸೇರುತ್ತಿದ್ದವರಲ್ಲಿ ಬಹಳಷ್ಟು ಜನ ಕೊಂಕಣದ ರತ್ನಾಗಿರಿ ಕಡೆಯ ಮುಸ್ಲಿಮರು ಮತ್ತು ಪಂಜಾಬಿನವರು. ಯುದ್ಧ ಬಂದಾಗ ದೇಶದ ಎಲ್ಲ ಭಾಗಗಳಿಂದ ಓದು ಬರಹ ಬಲ್ಲ ಹುಡುಗರನ್ನು ಸೇರಿಸಿಕೊಂಡರು. 1945ರ ಹೊತ್ತಿಗೆ ಸಂಖ್ಯೆ 25 ಸಾವಿರ ಮೀರಿತು. ಒಳ್ಳೆಯ ಸಂಬಳ, ಒಳ್ಳೆಯ ಊಟ, ಯುದ್ಧದ ನಂತರವೂ ನೌಕರಿ ಎಂದು ಆಸೆ ತೋರಿಸಿದ್ದರು. ಸಿಕ್ಕದ್ದು ಬೇರೆ. ಕಲ್ಲು ಬೆರೆತ ಅನ್ನ, ನೀರಿನಂಥ ದಾಲ್, ಬಿಳಿಯ ಅಧಿಕಾರಿಗಳ ಬೈಗುಳ.

1946ರ ಫೆಬ್ರವರಿ 18ರ ಬೆಳಿಗ್ಗೆ ಮುಂಬಯಿಯ ‘ತಲ್ವಾರ್’ ಎಂಬ ಸಿಗ್ನಲ್ ತರಬೇತಿ ನೆಲೆಯ ನಾವಿಕರು ನಾಷ್ಟಾ ಮಾಡಲು ನಿರಾಕರಿಸಿದರು. ಊಟವಿಲ್ಲ, ಕೆಲಸವೂ ಇಲ್ಲ ಎಂದರು. ಇದನ್ನು ನಾವು ‘ನೌಕಾ ಬಂಡಾಯ’ ಎಂದು ಎರಡು ಸಾಲಿನಲ್ಲಿ ಪಾಠ ಮಾಡಿ ಮುಗಿಸುತ್ತೇವೆ. ಆದರೆ ಅದು ಶುರುವಾದದ್ದು ತಾಟಿನ ಮುಂದೆ. ಮನೆಯಲ್ಲಿ ತಾಯಿ ಬಡಿಸಿದ್ದನ್ನು ಉಂಡು ಬೆಳೆದ ಹದಿನೆಂಟು-ಇಪ್ಪತ್ತರ ಹುಡುಗರು, ಇದನ್ನು ತಿನ್ನುವುದಿಲ್ಲ ಎಂದು ತಾಟು ಸರಿಸಿದರು. ಎರಡೇ ದಿನಗಳಲ್ಲಿ ಅದು ಕರಾಚಿಯವರೆಗೆ ಹಬ್ಬಿತು. ಸುಮಾರು 78 ಹಡಗುಗಳು, 20 ಸಾವಿರ ನಾವಿಕರು ಸೇರಿಕೊಂಡರು. ಮುಷ್ಕರ ಸಮಿತಿಗೆ ಎಂ. ಎಸ್. ಖಾನ್ ಅಧ್ಯಕ್ಷ, ಮದನ್ ಸಿಂಗ್ ಉಪಾಧ್ಯಕ್ಷ. ಹಡಗುಗಳ ಮೇಲೆ ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಬಾವುಟಗಳು ಒಟ್ಟಿಗೆ ಹಾರಿದವು. ದೇಶದ ರಾಜಕೀಯದಲ್ಲಿ ಬೇರೆ ಬೇರೆಯಾಗಿದ್ದ ಬಾವುಟಗಳನ್ನು ಈ ಹುಡುಗರು ಒಂದೇ ಕಂಬಕ್ಕೆ ಕಟ್ಟಿದರು.

ಫೆಬ್ರವರಿ 21ರಂದು ಕ್ಯಾಸಲ್ ಬ್ಯಾರಕ್ಸ್‌ನಲ್ಲಿ ಗಂಟೆಗಟ್ಟಲೆ ಗುಂಡಿನ ಕಾಳಗ ನಡೆಯಿತು. ನೌಕಾಸೇನೆಯ ಮುಖ್ಯಸ್ಥ ಅಡ್ಮಿರಲ್ ಗಾಡ್‌ಫ್ರೇ, ಇಡೀ ನೌಕಾಸೇನೆ ನಾಶವಾದರೂ ಚಿಂತೆಯಿಲ್ಲ, ಇದನ್ನು ಅಡಗಿಸುತ್ತೇವೆ ಎಂಬ ಅರ್ಥದ ಎಚ್ಚರಿಕೆಯನ್ನು ರೇಡಿಯೋದಲ್ಲಿ ಕೊಟ್ಟ. ಯಾವುದೋ ಹಳ್ಳಿಯಲ್ಲಿ, ಒಂದೇ ರೇಡಿಯೋದ ಮುಂದೆ ಕುಳಿತ ತಂದೆಗೆ ಈ ಮಾತು ಹೇಗೆ ಕೇಳಿಸಿರಬೇಕು! ಮಗನ ಹಡಗು ಯಾವುದು, ಅದು ಎಲ್ಲಿದೆ ಎಂದು ಕೇಳಲು ಅವನಿಗೆ ದಾರಿಯೇ ಇರಲಿಲ್ಲ.

ಹಡಗುಗಳಿಗೆ ಆಹಾರ, ನೀರು ಬರುವುದು ನಿಂತಿತ್ತು. ಆಗ ಮುಂಬಯಿಯ ಸಾಮಾನ್ಯ ಜನ ಗೇಟ್‌ವೇ ಆಫ್ ಇಂಡಿಯಾದ ಕಡೆಗೆ ಹಣ್ಣು, ಹಾಲು, ರೊಟ್ಟಿ, ಪಲ್ಯದ ಪೊಟ್ಟಣಗಳನ್ನು ಹೊತ್ತು ಬಂದರು. ಹೋಟೆಲಿನವರು, ಅಂಗಡಿಯವರು ಹಣ ಕೇಳದೆ ಕೊಟ್ಟರು. ದಡದಲ್ಲಿ ಕಾವಲಿಗೆ ನಿಲ್ಲಿಸಿದ್ದ ಭಾರತೀಯ ಸಿಪಾಯಿಗಳೇ ಬಂದೂಕು ಹೆಗಲಿಗೇರಿಸಿ, ಪೊಟ್ಟಣಗಳನ್ನು ಇಸಿದುಕೊಂಡು ದೋಣಿಗೆ ತುಂಬಿದರು. ಹೆತ್ತವರು ನೂರಾರು ಮೈಲಿ ದೂರದಲ್ಲಿದ್ದಾಗ ಗುರುತು ಪರಿಚಯವಿಲ್ಲದ ಊರು ಅವರ ಸ್ಥಾನದಲ್ಲಿ ನಿಂತಿತು. ಮುಂದಿನ ಎರಡು ದಿನ ಹರತಾಳ, ಗೋಲಿಬಾರು. ಮುಂಬಯಿಯ ಬೀದಿಗಳಲ್ಲಿ ಇನ್ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ನಾವಿಕರ ಹೆಸರಾದರೂ ದಫ್ತರದಲ್ಲಿ ಉಳಿದಿದೆ. ರೊಟ್ಟಿ ಕೊಟ್ಟವರ ಹೆಸರು ಎಲ್ಲಿಯೂ ಇಲ್ಲ.

23ರಂದು ಸರ್ದಾರ್ ಪಟೇಲರ ಸಲಹೆಯಂತೆ ನಾವಿಕರು ಶರಣಾದರು. ಶಿಕ್ಷೆಯಾಗುವುದಿಲ್ಲ ಎಂಬ ಭರವಸೆಯಿತ್ತು. ಆದರೂ ನೂರಾರು ಜನರನ್ನು ಬಂಧಿಸಿ, ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಅವರನ್ನು ಮರಳಿ ತೆಗೆದುಕೊಳ್ಳಲಿಲ್ಲ. ಸರಕಾರಿ ನೌಕರಿಗೆ ಹೋದ ಮಗ ನೌಕರಿ ಕಳೆದುಕೊಂಡು ಟ್ರಂಕು ಹೊತ್ತು ಬಾಗಿಲಲ್ಲಿ ನಿಂತಾಗ ಒಳಗೆ ಕರೆದುಕೊಂಡವರು ತಂದೆ-ತಾಯಿಗಳೇ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಯಲ್ಲಿ ಈ ಬಂಡಾಯಕ್ಕೂ ಸ್ಥಾನ ಸಿಕ್ಕಿತು ನಿಜ. ಆದರೆ ಆ ಯೋಜನೆ ಬಂದದ್ದೇ 1972ರಲ್ಲಿ. ಅಷ್ಟರೊಳಗೆ ಎಷ್ಟೋ ತಂದೆ-ತಾಯಿಗಳು ಮಣ್ಣಾಗಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಂಡಾಯದ ಕಾರಣ ವಿಚಾರಿಸಲು ನೇಮಿಸಿದ ಆಯೋಗದ ಅಧ್ಯಕ್ಷರು ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ. ಅನ್ನದ ದೂರು, ಅವಮಾನದ ದೂರು ಎಲ್ಲ ಅವರ ಮುಂದೆ ದಾಖಲಾದವು. ಇದೇ ಫಜಲ್ ಅಲಿಯವರು 1953ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾದರು. ಅದರ ಫಲವಾಗಿ 1956ರ ನವೆಂಬರ್ 1ರಂದು ನಮ್ಮ ಬಿಜಾಪುರ ಜಿಲ್ಲೆ ಕನ್ನಡ ರಾಜ್ಯ ಸೇರಿತು. ಏಕೀಕರಣದ ಪಾಠದಲ್ಲಿ ಅವರ ಹೆಸರು ಹೇಳುವ ನಾವು, ಹಡಗಿನ ಹುಡುಗರ ಊಟದ ದೂರನ್ನು ಕೇಳಿಸಿಕೊಂಡವರೂ ಅವರೇ ಎಂದು ಹೇಳುವುದಿಲ್ಲ.

ಸ್ವತಂತ್ರ ಭಾರತದ ನೌಕಾಸೇನೆಯಲ್ಲಿ ತಂದೆ-ತಾಯಿಗಳಿಗೆ ಅತಿ ಕಠಿಣವಾದ ದಿನ ಬಂದದ್ದು 1971ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಡೆದ ದಾಳಿಯ ನೆನಪಿಗೆ ನಾವು ನೌಕಾದಿನ ಆಚರಿಸುತ್ತೇವೆ. ಐದೇ ದಿನಗಳ ನಂತರ, 9ರ ರಾತ್ರಿ, ದೀವ್ ಕರಾವಳಿಯಾಚೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹಿಂದಿರುಗಲಿಲ್ಲ. ಕಪ್ತಾನ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದಿತು. ಉಳಿದವರ ಮನೆಗಳಿಗೆ ತಂತಿ ಬಂದಿತು. ಶವ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಚಿತೆ ಇಲ್ಲ, ಕಬರಸ್ತಾನದಲ್ಲಿ ಕಲ್ಲಿಲ್ಲ. ಮುಳುಗಿ ಸತ್ತವನಿಗೆ ಶಹೀದನ ದರ್ಜೆ ಇದೆ ಎಂಬ ಮಾತು ಒಂದು ಸಮಾಧಾನ. ಆದರೂ ಹೋಗಿ ಫಾತಿಹಾ ಓದಲು ಒಂದು ಜಾಗ ಬೇಕೆನಿಸುವುದು ಮನುಷ್ಯ ಸ್ವಭಾವ. ದೀವ್‌ನಲ್ಲಿ ಸಮುದ್ರಕ್ಕೆ ಮುಖ ಮಾಡಿ ಕಟ್ಟಿದ ಖುಕ್ರಿ ಸ್ಮಾರಕ ಅಂಥ ಜಾಗ.

ಇನ್ನು ನಮ್ಮ ಹತ್ತಿರದ ಕಾರವಾರ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೆಲೆ ಆರಂಭವಾಯಿತು. ವಿಮಾನವಾಹಕ ಹಡಗು ವಿಕ್ರಮಾದಿತ್ಯ ರಷ್ಯಾದಿಂದ ಹೊರಟು 2014ರ ಜನವರಿಯಲ್ಲಿ ಬಂದು ನಿಂತದ್ದು ಅಲ್ಲಿಯೇ. ಇದಕ್ಕಾಗಿ ಕಾರವಾರ, ಅಂಕೋಲಾ ಭಾಗದ ನಾಲ್ಕು ಸಾವಿರದಷ್ಟು ಕುಟುಂಬಗಳು ಮನೆ, ಹೊಲ, ಮೀನುಗಾರಿಕೆ ಬಿಟ್ಟೇಳಬೇಕಾಯಿತು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟ ನಮ್ಮ ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಜನರಿಗೆ ಆ ನೋವನ್ನು ಬಿಡಿಸಿ ಹೇಳಬೇಕಿಲ್ಲ. ಇಂದು ಸೋಲಾಪುರದಿಂದ ಝಳಕಿ, ವಿಜಯಪುರ, ಹುಬ್ಬಳ್ಳಿ ಹಾದು ಬರುವ 52ನೇ ರಾಷ್ಟ್ರೀಯ ಹೆದ್ದಾರಿ ಅಂಕೋಲಾದಲ್ಲಿ ಸಮುದ್ರ ಮುಟ್ಟುತ್ತದೆ. ಇಂಡಿಯ ತಂದೆ ರಾತ್ರಿ ಬಸ್ಸು ಹತ್ತಿದರೆ ಮರುದಿನ ಮಗನ ಊರು ತಲುಪಬಹುದು.

ಆದರೆ ಮಗ ಯಾವಾಗಲೂ ಕಾರವಾರದಲ್ಲೇ ಇರುವುದಿಲ್ಲವಲ್ಲ. ನಾವಿಕನ ತರಬೇತಿ ಒಡಿಶಾದ ಚಿಲಿಕಾದಲ್ಲಿ. ಅಧಿಕಾರಿಯಾಗುವವರದು ಕೇರಳದ ಎಳಿಮಲದಲ್ಲಿ. ಅಲ್ಲಿ ತರಬೇತಿ ಮುಗಿದ ದಿನ ಮಗನ ಹೆಗಲಿಗೆ ಪಟ್ಟಿ ತೊಡಿಸುವವರು ತಂದೆ-ತಾಯಿಗಳೇ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದ್ದರೂ ನಮ್ಮ ಸಮಾಜದ ಎಷ್ಟು ಮನೆಯವರು ಆ ಗೇಟಿನೊಳಗೆ ಮಕ್ಕಳನ್ನು ಕಳಿಸಲು ಯೋಚಿಸಿದ್ದಾರೆ ಎಂದು ನಾನು ಪಾಲಕರ ಸಭೆಯಲ್ಲಿ ಕೇಳಿದ್ದುಂಟು. 2022ರ ಅಗ್ನಿವೀರ್ ಯೋಜನೆಯಲ್ಲಿ ಹದಿನೆಂಟು ತುಂಬದವರ ಅರ್ಜಿಗೆ ಪಾಲಕರ ಸಹಿ ಬೇಕು. ನಾಲ್ಕು ವರ್ಷದ ನಂತರ ನೂರಕ್ಕೆ ಇಪ್ಪತ್ತೈದು ಜನರನ್ನು ಮಾತ್ರ ಉಳಿಸಿಕೊಳ್ಳುವ ಯೋಜನೆ ಇದು. ಸಹಿ ಹಾಕುವ ಕೈ ಸ್ವಲ್ಪ ತಡೆಯುವುದು ಸಹಜ, ಅದನ್ನು ಹೇಡಿತನ ಎನ್ನುವುದು ನನಗೆ ಸರಿ ಕಾಣುವುದಿಲ್ಲ. 2023ರ ಮಾರ್ಚ್ 28ರಂದು ಚಿಲಿಕಾದಲ್ಲಿ ಮೊದಲ ತಂಡದ ಪರೇಡು ಸೂರ್ಯ ಮುಳುಗಿದ ಮೇಲೆ ನಡೆಯಿತು. ಅದರಲ್ಲಿ 273 ಹೆಣ್ಣುಮಕ್ಕಳಿದ್ದರು.

ಖಾಲಾ ಮಗನನ್ನು ನೋಡಲು ಮುಂಬೈಗೆ ಹೋದದ್ದು ಯುದ್ಧ ಮುಗಿದ ಮರುವರ್ಷ. ಕುಟುಂಬದವರನ್ನು ಹಡಗು ಹತ್ತಿಸಿ, ಸಮುದ್ರದಲ್ಲಿ ಒಂದು ದಿನ ತಿರುಗಿಸಿ ತರುವ ಪದ್ಧತಿ ನೌಕಾಸೇನೆಯಲ್ಲಿದೆ. ಅವರು ಐವತ್ತು ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದರು. ವಾರಗಟ್ಟಲೆ ಕೆಡದ ನಮ್ಮ ರೊಟ್ಟಿ ಹಡಗಿಗೆ ಹೇಳಿ ಮಾಡಿಸಿದಂಥದ್ದು. ಬಂದ ಮೇಲೆ ಓಣಿಯವರಿಗೆಲ್ಲ ಹೇಳಿದ್ದು ಸಮುದ್ರದ ಮಾತಲ್ಲ. ಕಬ್ಬಿಣದ ಏಣಿ ನೆಟ್ಟಗಿತ್ತು, ಚಪ್ಪಲಿ ಬಿಟ್ಟು ಇಳಿದೆ. ಒಂದರ ಮೇಲೊಂದು ಮೂರು ಹಾಸಿಗೆ, ನಡುವಿನದು ನನ್ನ ಮಗನದು, ನಮ್ಮ ಗೋಡೆಯ ಗೂಡಿನಷ್ಟೇ ಜಾಗ, ಅದರಲ್ಲಿ ಅವನು ಹೇಗೆ ಹೊರಳುತ್ತಾನೋ ಎಂದರು. ರೊಟ್ಟಿಯನ್ನು ಪಂಜಾಬಿನವನು, ಮಲೆಯಾಳದವನು ಎಲ್ಲ ಹಂಚಿಕೊಂಡು ತಿಂದರಂತೆ. ಆ ಮೇಲಿನ ಪತ್ರಗಳಲ್ಲಿ ಖಾಲಾ ಊರಿನ ಹೆಸರು ಕೇಳಲಿಲ್ಲ.

ಈಗ ಪತ್ರ ಬರೆಯುವವರಿಲ್ಲ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಶಾಲೆಗೆ ಬಂದು ಮೊಬೈಲ್ ತೋರಿಸಿದರು. ಮಗನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಮಾತಿನ ಕೆಳಗೆ ಒಂದೇ ಟಿಕ್ ಬಿದ್ದು ಹನ್ನೊಂದು ದಿನವಾಗಿತ್ತು. ಒಂದು ಗೂಢಚರ್ಯೆ ಪ್ರಕರಣದ ನಂತರ, 2019ರ ಕೊನೆಯಲ್ಲಿ, ಯುದ್ಧನೌಕೆಗಳ ಮೇಲೆ ಸ್ಮಾರ್ಟ್‌ಫೋನ್ ಬಳಕೆಯನ್ನು ನೌಕಾಸೇನೆ ನಿಷೇಧಿಸಿದ್ದನ್ನು ನಾನು ತಿಳಿಸಿದೆ. ಹಡಗು ದಡಕ್ಕೆ ಬಂದಾಗ ನೋಡುತ್ತಾನೆ ಎಂದೆ. ಅವರು ತಲೆಯಾಡಿಸಿ, ಫೋನನ್ನು ಕಿಸೆಗೆ ಹಾಕಿ, ಮತ್ತೆ ತೆಗೆದು ನೋಡಿ ಕೇಳಿದರು: “ಸರ್, ಎರಡನೇದು ಯಾವಾಗ ಬೀಳತೈತ್ರಿ?”